ಮನೆಯಲ್ಲೊಂದು ಚಿತ್ರಮಂದಿರ

ದುವ್ವಾಡದಲ್ಲಿರುವ ನಮ್ಮ ಮಿತ್ರರೊಬ್ಬರು ದೀಪಾವಳಿ ಕಳೆದ ಮೇಲೆ ಒಂದು ದಿನ ನಮ್ಮಲ್ಲಿಗೆ ಬಂದರು. ಕೈಯಲ್ಲಿ ಎರಡು ಹಾಳೆ ಕಾಗದ. ಕಾಗದದ ತುಂಬ ವಾಟು, ಓಮು, ಡೆಸಿಬಲ್ಲು, ಇಂಚು, ರೂಪಾಯಿ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಅಂಕಿಗಳನ್ನು ಕಂಡರೆ ಅವರಿಗೆ ಭಯವಿಲ್ಲ. "ನೆಲದ ಮೇಲೆ ನಿಲ್ಲುವ ಟವರ್ ಸ್ಪೀಕರುಗಳಲ್ಲಿ ಯಾವುದನ್ನು ಕೊಳ್ಳಲಿ, ಅದಕ್ಕೆ ಹೊಂದುವ ರಿಸೀವರ್ ಯಾವುದು, ನೀವೇ ಹೇಳಿಬಿಡಿ. ಬಂದ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಟ್ಟಿದ್ದೇನೆ" ಎಂದರು.

ನಿವೃತ್ತಿಯ ಹಣವೆಂದರೆ ಒಮ್ಮೆ ಬರುವ ಹಣ. ಅದರ ವಿಷಯದಲ್ಲಿ ಸಲಹೆ ಕೊಡುವವನಿಗೆ ಸ್ವಲ್ಪ ಹೆದರಿಕೆ ಇರಬೇಕು. ನಾವು ಕಾಗದವನ್ನು ಬದಿಗಿಟ್ಟು, "ಕೇಳುವವರು ಯಾರು?" ಎಂದು ಕೇಳಿದೆವು.

"ಅಮ್ಮ" ಎಂದರು.

ತಾಯಿಗೆ ಎಂಬತ್ತೊಂದು ವರ್ಷ. ಹಾಸನದ ಕಡೆಯವರು. ಯಜಮಾನರು ತೀರಿಕೊಂಡ ಮೇಲೆ ಮಗನ ಮನೆಗೆ ಬಂದಿದ್ದಾರೆ. ತೆಲುಗು ಬರುವುದಿಲ್ಲವೆಂದಲ್ಲ, ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಷ್ಟು ಬರುತ್ತದೆ. ಆದರೆ ಚೌಕಾಸಿ ಮಾಡುವ ಭಾಷೆ ಬೇರೆ, ನಗುವ ಭಾಷೆ ಬೇರೆ. ಹಗಲೆಲ್ಲ ಏನೋ ಕೆಲಸದಲ್ಲಿ ಹೋಗುತ್ತದೆ. ಸಂಜೆ ಆರರಿಂದ ಒಂಬತ್ತರವರೆಗೆ ಆಕೆ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಾರೆ ಎಂದು ಮಿತ್ರರು ಹೇಳಿದಾಗ ಅವರ ದನಿ ಸ್ವಲ್ಪ ಇಳಿಯಿತು. ನಮ್ಮ ಈ ಊರುಗಳಲ್ಲಿ ಕನ್ನಡ ಚಿತ್ರವನ್ನು ಕನ್ನಡದಲ್ಲೇ ನೋಡಬೇಕಾದರೆ ಮನೆಯೇ ಗತಿ. 2022ರಲ್ಲಿ 'ಕಾಂತಾರ' ಅಷ್ಟು ಹೆಸರು ಮಾಡಿತಲ್ಲ, ಇಲ್ಲಿಯ ಚಿತ್ರಮಂದಿರಗಳಲ್ಲಿ ಅದು ಓಡಿದ್ದೂ ತೆಲುಗಿನಲ್ಲೇ.

ಆದ್ದರಿಂದ ಮಿತ್ರರ ಆಸೆ ಶೋಕಿಯದಲ್ಲ ಎಂದು ನಮಗೆ ಮನದಟ್ಟಾಯಿತು. ಅಷ್ಟರಲ್ಲಿ ಅವರು ಇನ್ನೊಂದು ಸಂಗತಿ ಹೊರಗೆಡವಿದರು. ವರ್ಗವಾಗಿ ಹೊರಟಿದ್ದ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಜೋಡಿ ಟವರುಗಳನ್ನೂ ರಿಸೀವರನ್ನೂ ಇವರ ಮನೆಯಲ್ಲಿ ಇಳಿಸಿ, "ತಿಂಗಳು ಕೇಳಿ ನೋಡಿ, ಬೇಕಾದರೆ ಇಟ್ಟುಕೊಳ್ಳಿ" ಎಂದಿದ್ದರಂತೆ. ಹಬ್ಬದ ದಿನ 1972ರ 'ಬಂಗಾರದ ಮನುಷ್ಯ' ಹಾಕಿದರು. ಅರ್ಧ ಗಂಟೆ ನೋಡಿದ ಮೇಲೆ ತಾಯಿ, "ಸದ್ದೇನೋ ಗುಡುಗಿದ ಹಾಗಿದೆ ಕಣಪ್ಪಾ. ಮಾತೆಲ್ಲಿ?" ಎಂದು ಎದ್ದುಹೋದರಂತೆ. ಮಿತ್ರರು ಇದರಿಂದ ತೆಗೆದ ತೀರ್ಮಾನವೇನೆಂದರೆ, ಇನ್ನೂ ದೊಡ್ಡ ಸ್ಪೀಕರು ಬೇಕು.

ನಾವು ಮುಂದಿನ ಭಾನುವಾರ ದುವ್ವಾಡಕ್ಕೆ ಹೋದೆವು. ದಾರಿ ಪರಿಚಿತ. ವಿಶಾಖಪಟ್ಟಣದ ನಿಲ್ದಾಣಕ್ಕೆ ಹೊಕ್ಕರೆ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ಹೂಡಬೇಕಾಗುತ್ತದೆಂದು ಕೆಲವು ದೂರದ ರೈಲುಗಳು ದುವ್ವಾಡದಲ್ಲೇ ನಿಂತು ಮುಂದೆ ಹೊರಟುಬಿಡುತ್ತವೆ. ನೆಂಟರನ್ನು ಹತ್ತಿಸಿ ಇಳಿಸಿ ಆ ನಿಲ್ದಾಣದ ಬೆಂಚುಗಳೆಲ್ಲ ನಮಗೆ ಗೊತ್ತು.

ಮಿತ್ರರ ಹಜಾರ ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಎತ್ತರ. ನೆಲಕ್ಕೆ ಕನ್ನಡಿಯಂಥ ಟೈಲು. ಒಂದು ಟವರು ಮೂಲೆಯಲ್ಲಿ, ಗೋಡೆಗೂ ಬೀರುವಿಗೂ ನಡುವೆ ತುರುಕಿಕೊಂಡಿತ್ತು. ಇನ್ನೊಂದು ದೇವರ ಕೋಣೆಯ ಬಾಗಿಲ ಪಕ್ಕದಲ್ಲಿ ದ್ವಾರಪಾಲಕನ ಹಾಗೆ ನಿಂತಿತ್ತು. ತಾಯಿಯ ಬೆತ್ತದ ಕುರ್ಚಿ ಮೂಲೆಯ ಟವರಿನ ಕಡೆಗೆ, ಹಿಂದಿನ ಗೋಡೆಗೆ ಒರಗಿಕೊಂಡು. ಮನೆಯಾಕೆ ಕಾಫಿ ತಂದುಕೊಟ್ಟು, "ಇವುಗಳ ಹಿಂದೆ ಗುಡಿಸುವುದು ಹೇಗೆ ಅಂತ ನೀವಾದರೂ ಹೇಳಿ" ಎಂದರು. ಅದಕ್ಕೆ ಉತ್ತರ ನಮ್ಮಲ್ಲಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವಂಥ ತಗ್ಗು ದನಿಯೊಂದು ಇರುತ್ತದೆ. ಆ ದನಿ ಬಂದಾಗ ಕೋಣೆಯೇ ಅದರೊಡನೆ ಸೇರಿ ಮೊಳಗುತ್ತದೆ. ಹದಿನಾಲ್ಕು ಅಡಿಗೆ ಅದು ಸೆಕೆಂಡಿಗೆ 40 ಕಂಪನದ ಸುಮಾರು, ಹನ್ನೆರಡು ಅಡಿಗೆ 47, ಹತ್ತು ಅಡಿಯ ಎತ್ತರಕ್ಕೆ 56. ಟವರ್ ಸ್ಪೀಕರಿನ ಹೆಚ್ಚುಗಾರಿಕೆಯೇ ಈ ತಗ್ಗು ದನಿಗಳನ್ನು ಹೊರಡಿಸುವುದು. ಅದನ್ನು ಮೂಲೆಯಲ್ಲಿ ನಿಲ್ಲಿಸಿದರೆ ಎರಡು ಗೋಡೆ, ಒಂದು ನೆಲ ಮೂರೂ ಸೇರಿ ಅದಕ್ಕೆ ತುತ್ತೂರಿಯಾಗುತ್ತವೆ. ಹಿಂದಿನ ಗೋಡೆಗೆ ಒರಗಿ ಕೂತವರ ಕಿವಿಗೆ ಅದು ಇನ್ನಷ್ಟು ಉಬ್ಬಿ ಬರುತ್ತದೆ. ತಾಯಿಯವರು ಗುಡುಗು ಎಂದದ್ದು ಅಳತೆ ತಪ್ಪದ ಮಾತು.

ಮಾತು ಕೇಳಿಸದೆ ಹೋದದ್ದಕ್ಕೆ ಇನ್ನೊಂದು ಕಾರಣವುಂಟು. ಕಾಗುಣಿತ ಕಲಿತ ನಮಗೆಲ್ಲ ಇದು ಸುಲಭವಾಗಿ ತಿಳಿಯತಕ್ಕದ್ದು. ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ಅವುಗಳ ಶಕ್ತಿಯೆಲ್ಲ ತಗ್ಗು ಮತ್ತು ನಡು ದನಿಗಳಲ್ಲಿ. ಸ, ಶ, ತ, ಕ ಮುಂತಾದ ವ್ಯಂಜನಗಳು ದುರ್ಬಲ, ಅವುಗಳ ಗುರುತು ಇರುವುದು ಮೇಲ್ದನಿಗಳಲ್ಲಿ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲ್ದನಿಗಳನ್ನೇ. ಅಂಥವರಿಗೆ ಆ, ಈ, ಊ ಎಲ್ಲ ಕೇಳುತ್ತವೆ. ಕಥೆಯೋ ಕಸವೋ ಎಂಬುದು ಕೇಳುವುದಿಲ್ಲ. ಆಗ ನಾವು ಮಾಡುವುದೇನು? ಸದ್ದನ್ನು ಜೋರು ಮಾಡುತ್ತೇವೆ. ಗುಡುಗೂ ಜೋರಾಗಿ, ಉಳಿದ ವ್ಯಂಜನಗಳನ್ನೂ ಮುಚ್ಚಿಬಿಡುತ್ತದೆ. ತಗ್ಗು ದನಿ ಮೇಲ್ದನಿಯನ್ನು ಮುಚ್ಚುವಷ್ಟು ಮೇಲ್ದನಿ ತಗ್ಗನ್ನು ಮುಚ್ಚಲಾರದು.

ಟವರುಗಳನ್ನು ಹಿಂಗೋಡೆಯಿಂದ ಎರಡು ಅಡಿ, ಪಕ್ಕದ ಗೋಡೆಯಿಂದ ಮೂರು ಅಡಿ ಈಚೆಗೆ ಎಳೆದೆವು. ನೆಲಕ್ಕೆ ಮದುವೆಮನೆಯಿಂದ ಉಳಿದುಕೊಂಡಿದ್ದ ಜಮಖಾನ ಹಾಸಿದೆವು. ಬೆತ್ತದ ಕುರ್ಚಿಯನ್ನು ಗೋಡೆ ಬಿಡಿಸಿ ನಡುವಿಗೆ ತಂದೆವು. ಇಷ್ಟಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ತಾಯಿ ಮತ್ತೆ ಕೂತು, "ಈಗ ಪರವಾಗಿಲ್ಲ" ಎಂದರು. ಆದರೆ ಹಜಾರದ ನಡುವೆ ಎರಡು ಕಂಬಗಳು ನಿಂತಂತಾಗಿ, ಮೊಮ್ಮಗ ಬಂದು ಒಂದಕ್ಕೆ ಢಿಕ್ಕಿ ಹೊಡೆದ. ಸ್ಪೀಕರಿಗೆ ಏನೂ ಆಗಲಿಲ್ಲ. ನಮ್ಮ ಎದೆ ಮಾತ್ರ ಹಾರಿತು. ಕೆಳಗೆ ಅಗಲವಾದ ಪೀಠವಿಲ್ಲದ ಟವರನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಬಾರದು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಆ ಜೋಡಿಯಲ್ಲಿ ನಡುವಿನ ಸ್ಪೀಕರ್ ಇರಲಿಲ್ಲ. ಟಿ.ವಿ.ಯ ಕೆಳಗೆ ಅಡ್ಡವಾಗಿ ಇಡುವ ಈ ಪೆಟ್ಟಿಗೆಯನ್ನು ನಮ್ಮವರು ಕೊನೆಯಲ್ಲಿ, ಉಳಿದ ಚಿಲ್ಲರೆಯಲ್ಲಿ ಕೊಳ್ಳುತ್ತಾರೆ. ಇದು ತಲೆಕೆಳಗಾದ ಕ್ರಮವೆಂದು ನಮ್ಮ ಗಟ್ಟಿ ಅಭಿಪ್ರಾಯ. ಆರು ವಾಹಿನಿಯ ಈಗಿನ ಚಿತ್ರಗಳಲ್ಲಿ ಸಂಭಾಷಣೆಯ ಬಹುಭಾಗ ಬರುವುದು ನಡುವಿನ ಪೆಟ್ಟಿಗೆಯಿಂದಲೇ; ಎಡಬಲದ ಟವರುಗಳಿಗೆ ಸಂಗೀತ, ಮಳೆ, ಮೋಟಾರು. ಹಳೆಯ ಚಿತ್ರಗಳ ಕಥೆ ಇನ್ನೂ ಸ್ವಾರಸ್ಯವಾಗಿದೆ. 'ಬಂಗಾರದ ಮನುಷ್ಯ' ಮೊದಲಾದ ಆ ಕಾಲದ ಚಿತ್ರಗಳಲ್ಲಿ ಧ್ವನಿ ಒಂದೇ ಪಥದ್ದು. ಎಡವೂ ಇಲ್ಲ, ಬಲವೂ ಇಲ್ಲ. ಅದನ್ನು ಎರಡು ಟವರುಗಳಲ್ಲಿ ನುಡಿಸಿದರೆ ಸರಿಯಾಗಿ ಮಧ್ಯದಲ್ಲಿ ಕೂತವರಿಗೆ ಮಾತ್ರ ಮಾತು ಪರದೆಯಿಂದ ಬಂದಂತೆ ತೋರುತ್ತದೆ. ಒಂದು ಪಕ್ಕಕ್ಕೆ ಕೂತವರಿಗೆ ಹತ್ತಿರದ ಪೆಟ್ಟಿಗೆಯಿಂದಲೇ ಬಂದ ಹಾಗೆ ಕೇಳುತ್ತದೆ. ರಿಸೀವರಿನಲ್ಲಿ ಸರೌಂಡ್ ವಿಧಾನವನ್ನು ಹಾಕಿದರೋ, ಎರಡೂ ಕಡೆ ಒಂದೇ ಧ್ವನಿ ಇರುವುದನ್ನು ಕಂಡು ಅದು ಹೆಚ್ಚು ಕಡಿಮೆ ಎಲ್ಲವನ್ನೂ ನಡುವಿನ ಪೆಟ್ಟಿಗೆಗೆ ಕಳುಹಿಸಿಬಿಡುತ್ತದೆ. ಲಕ್ಷ ರೂಪಾಯಿಯ ಟವರುಗಳು ಮೌನವಾಗಿ ನಿಂತು ನೋಡುತ್ತಿರುತ್ತವೆ. ಚಿಲ್ಲರೆ ಹಣದ ಪೆಟ್ಟಿಗೆ ರಾಜಕುಮಾರ್ ಅವರ ಕಂಠವನ್ನು ಹೊರುತ್ತದೆ!

ಆದುದರಿಂದ ಸ್ಪೀಕರುಗಳಿಗೆ ಇಟ್ಟ ಹಣದಲ್ಲಿ ಮೂರನೆಯ ಒಂದು ಪಾಲನ್ನಾದರೂ ಮೊದಲು ನಡುವಿನದಕ್ಕೆ ತೆಗೆದಿಡಬೇಕು. ಅದು ಎಡಬಲದವುಗಳ ಜೊತೆ ಹುಟ್ಟಿದ್ದೇ ಆಗಿರಬೇಕು, ಎಂದರೆ ಒಂದೇ ತಯಾರಕರ ಒಂದೇ ಸಾಲಿನದು. ಇಲ್ಲವಾದರೆ ಪಾತ್ರಧಾರಿ ಪರದೆಯ ಎಡದಿಂದ ಬಲಕ್ಕೆ ನಡೆದಾಗ ಅವನ ದನಿಯೇ ಬೇರೆಯವನದಾದಂತೆ ಕೇಳುತ್ತದೆ. ಸಹೋದ್ಯೋಗಿಯ ಟವರುಗಳಿಗೆ ಜೋಡಿಯಾದ ನಡುವಿನ ಪೆಟ್ಟಿಗೆ ಸಿಕ್ಕೀತೇ ಎಂದು ವಿಚಾರಿಸಿದೆವು. ಆ ಸಾಲೇ ನಿಂತುಹೋಗಿ ವರ್ಷಗಳಾಗಿತ್ತು. ಹಳೆಯ ಟವರು ಅಗ್ಗಕ್ಕೆ ಸಿಗುವಾಗ ಈ ತೊಡಕನ್ನು ಯಾರೂ ಹೇಳುವುದಿಲ್ಲ.

ರಿಸೀವರಿನ ವಿಷಯ. ಮಿತ್ರರ ಕಾಗದದಲ್ಲಿ ಅತ್ಯಂತ ದಪ್ಪಕ್ಷರದಲ್ಲಿದ್ದದ್ದು ವಾಟು. ರಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ದೊಡ್ಡ ವಾಟನ್ನು ಅನೇಕ ಸಲ ಒಂದೇ ವಾಹಿನಿಯನ್ನು, ಒಂದೇ ದನಿಯಲ್ಲಿ, 6 ಓಮಿಗೆ, ನೂರಕ್ಕೆ 10ರಷ್ಟು ಧ್ವನಿ ಕೆಟ್ಟರೂ ಸರಿಯೆಂದು ಅಳೆದಿರುತ್ತಾರೆ. ಕೈಪಿಡಿಯ ಒಳಗೆ ಹುಡುಕಿದರೆ 8 ಓಮಿಗೆ, 20ರಿಂದ 20,000 ಕಂಪನದವರೆಗೆ, ಎರಡು ವಾಹಿನಿ ಒಟ್ಟಿಗೆ ನುಡಿದಾಗ ಎಷ್ಟೆಂಬ ಸಾಲು ಸಿಗುತ್ತದೆ. ನಂಬತಕ್ಕದ್ದು ಆ ಸಾಲನ್ನು.

ಅದೂ ಎಷ್ಟಿದ್ದರೆ ಸಾಕು? ಒಂದು ವಾಟ್ ಕೊಟ್ಟಾಗ ಒಂದು ಮೀಟರಿನಲ್ಲಿ 88 ಡೆಸಿಬಲ್ ನುಡಿಯುವ ಸ್ಪೀಕರು ಸಾಧಾರಣದ್ದು. ಮೂರು ಮೀಟರಿನಾಚೆ ಕುರ್ಚಿಯಲ್ಲಿ ಅದು 80ರ ಆಸುಪಾಸು ಕೇಳುತ್ತದೆ. ಇಬ್ಬರು ಎದುರುಬದುರು ಕೂತು ಮಾತಾಡುವುದು 60 ಡೆಸಿಬಲ್. ಅಂದಮೇಲೆ ಮಾತಿಗೆ ಒಂದು ವಾಟೂ ಬೇಡ. ಯುದ್ಧ, ಸಿಡಿಲುಗಳಿಗೆ ನೂರು ವಾಟ್ ಕೊಟ್ಟರೆ ಅದೇ ಕುರ್ಚಿಯಲ್ಲಿ 100 ಡೆಸಿಬಲ್. ನೆರೆಯವರು ಬಾಗಿಲು ತಟ್ಟಲು ಅಷ್ಟು ಸಾಕು. ವಾಟನ್ನು ಇಮ್ಮಡಿಸಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. 88ರ ಬದಲು 91ರ ಸ್ಪೀಕರನ್ನು ಆರಿಸಿದರೆ ರಿಸೀವರನ್ನು ಇಮ್ಮಡಿಸಿದ ಹಾಗೆ. ನೂರು ವಾಟಿಗೂ ನೂರಿಪ್ಪತ್ತು ವಾಟಿಗೂ ಇರುವ ಅಂತರ ಒಂದು ಡೆಸಿಬಲ್ಲಿಗಿಂತ ಕಡಿಮೆ. ಅದು ಕಿವಿಗೆ ತಿಳಿಯುವುದಿಲ್ಲ, ಜೇಬಿಗೆ ತಿಳಿಯುತ್ತದೆ.

ಓಮನ್ನು ಮಾತ್ರ ಕಡೆಗಣಿಸಬೇಡಿ. 4 ಓಮಿನ ಸ್ಪೀಕರು 8 ಓಮಿನದಕ್ಕಿಂತ ಇಮ್ಮಡಿ ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ. ರಿಸೀವರಿನ ಬೆನ್ನ ಮೇಲೆ 6ರಿಂದ 16 ಓಮ್ ಎಂದು ಬರೆದಿದ್ದರೆ ಅದಕ್ಕೆ 4ರದನ್ನು ಹೂಡುವುದು ಬಡಕಲು ಎತ್ತಿಗೆ ಎರಡು ಗಾಡಿ ಕಟ್ಟಿದಂತೆ. ಕಾದು ಕಾದು ಒಂದು ದಿನ ತಾನೇ ಆರಿಹೋಗುತ್ತದೆ. ಸಹೋದ್ಯೋಗಿಯ ಜೋಡಿಯಲ್ಲಿ ಇದೂ ಹೀಗೆಯೇ ಇತ್ತು. ರಿಸೀವರನ್ನು ಮುಟ್ಟಿ ನೋಡಿ ಮನೆಯಾಕೆ, "ದೋಸೆ ಹುಯ್ಯಬಹುದು" ಎಂದರು.

ಈಗಿನ ರಿಸೀವರುಗಳ ಜೊತೆ ಪುಟ್ಟ ಮೈಕೊಂದು ಬರುತ್ತದೆ. ಅದನ್ನು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಇಟ್ಟರೆ ಯಂತ್ರವೇ ದೂರಗಳನ್ನೂ ಸದ್ದಿನ ಮಟ್ಟವನ್ನೂ ಅಳೆದು ಸರಿಮಾಡಿಕೊಳ್ಳುತ್ತದೆ. ಡೆನಾನ್‌ನವರ ಅನೇಕ ಯಂತ್ರಗಳಲ್ಲಿ ಅದಕ್ಕೆ ಆಡಿಸಿ ಎಂದು ಹೆಸರು, ಯಮಾಹಾದಲ್ಲಿ ವೈಪಿಎಓ ಎಂದು. ಅಳತೆ ಮುಗಿದ ಮೇಲೆ ಮೂರು ಕೆಲಸ ನಾವೇ ಮಾಡಬೇಕು. ತಗ್ಗು ದನಿಗೆ ಬೇರೆ ಸಬ್‌ವೂಫರ್ ಇದ್ದರೆ ಉಳಿದ ಸ್ಪೀಕರುಗಳನ್ನೆಲ್ಲ 'ಸ್ಮಾಲ್' ಎಂದು ನಮೂದಿಸಿ 80 ಕಂಪನದಿಂದ ಕೆಳಗಿನದನ್ನು ಅದಕ್ಕೆ ಬಿಟ್ಟುಕೊಡಬೇಕು. (ಆಳೆತ್ತರದ ಟವರನ್ನು ಸ್ಮಾಲ್ ಎನ್ನುವುದೇ ಎಂದು ಮಿತ್ರರಿಗೆ ನೋವಾಯಿತು.) ನಡುವಿನ ಪೆಟ್ಟಿಗೆಯ ಮಟ್ಟವನ್ನು ಎರಡು ಮೂರು ಡೆಸಿಬಲ್ ಏರಿಸಬೇಕು. ರಾತ್ರಿಯ ಹೊತ್ತು, ಪಿಸುಮಾತನ್ನು ಎತ್ತಿ ಸಿಡಿಲನ್ನು ಇಳಿಸುವ ಏರ್ಪಾಡೊಂದು ಅದರಲ್ಲೇ ಇರುತ್ತದೆ, ಅದನ್ನು ಹಾಕಬೇಕು. ವಯಸ್ಸಾದವರಿರುವ ಮನೆಯಲ್ಲಿ ಹಗಲೂ ಹಾಕಿದರೆ ತಪ್ಪಿಲ್ಲ.

ಸಮುದ್ರದ ಪಕ್ಕದಲ್ಲಿರುವ ನಾವು ಇನ್ನೊಂದು ಗಮನಿಸಬೇಕು. ಸ್ಪೀಕರಿನ ಶಂಕುವಿನ ಸುತ್ತಲ ಅಂಚು ರಬ್ಬರಿನದಿರಲಿ. ಫೋಮಿನದಾದರೆ ಈ ಸೆಕೆಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ತಂತಿಗೆ ಹೆಚ್ಚು ಸುರಿಯಬೇಡಿ, 2.5 ಚದರ ಮಿಲಿಮೀಟರಿನ ತಾಮ್ರ ನಮ್ಮ ಹಜಾರಗಳಿಗೆ ಧಾರಾಳ. ಉಪ್ಪುಗಾಳಿಗೆ ತುದಿ ಕಪ್ಪಾದಾಗ ಕತ್ತರಿಸಿ ಹೊಸದಾಗಿ ಹೂಡಿದರಾಯಿತು. ಉಳಿದ ಹಣದಲ್ಲಿ ಮನೆಯ ಅರ್ಥಿಂಗ್ ಸರಿಯಿದೆಯೇ ನೋಡಿಸಿ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಂದು ಹೋದ ಮೇಲೆ ಈ ಊರಿನವರಿಗೆ ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಮಿತ್ರರ ಹಜಾರಕ್ಕೆ ನಮ್ಮ ಸಲಹೆ ಇದು: ಟವರು ಬೇಡ. ಒಳ್ಳೆಯ ನಡುವಿನ ಪೆಟ್ಟಿಗೆ, ಅದೇ ಸಾಲಿನ ಎರಡು ಚಿಕ್ಕ ಸ್ಪೀಕರು ಕಾಲುಮಣೆಯ ಮೇಲೆ, ಒಂದು ಸಣ್ಣ ಸಬ್‌ವೂಫರ್, ಪ್ರಾಮಾಣಿಕವಾದ 70-80 ವಾಟಿನ ರಿಸೀವರ್. ಗೋಡೆಯಿಂದ ಎರಡು ಮೂರು ಅಡಿ ಬಿಟ್ಟುಕೊಡುವಷ್ಟು ಜಾಗವಿರುವವರು ಟವರನ್ನು ಧಾರಾಳವಾಗಿ ತರಲಿ. ಅದರ ತುಂಬುದನಿ ಚಿಕ್ಕದಕ್ಕೆ ಬಾರದು, ಅದು ನಿಜ. ಮಿತ್ರರು ಒಪ್ಪಿದರೆಂದು ಹೇಳಲಾರೆವು. ಮೂವತ್ತು ವರ್ಷದಿಂದ ಆಸೆಪಟ್ಟ ವಸ್ತು.

ಅಂಗಡಿಯಲ್ಲಿ ಗೋಡೆಗೆಲ್ಲ ಮೆತ್ತೆ ಹೊದಿಸಿರುತ್ತಾರೆ, ಏನು ನುಡಿಸಿದರೂ ಚೆನ್ನಾಗಿಯೇ ಕೇಳುತ್ತದೆ. ಅವರು ಹಾಕುವ ವಿಮಾನದ ಚಿತ್ರವನ್ನು ಕೇಳಿ ಮರುಳಾಗದೆ, ನಮಗೆ ಗೊತ್ತಿರುವ ಕನ್ನಡ ಚಿತ್ರದ ಸಂಭಾಷಣೆಯನ್ನೇ ಕಡಿಮೆ ಸದ್ದಿನಲ್ಲಿ ಹಾಕಿಸಬೇಕು. ಕೇಳಬೇಕಾದವರನ್ನೇ ಕುರ್ಚಿಯಲ್ಲಿ ಕೂರಿಸಬೇಕು ಎಂದು ಹೇಳಿ ಬಂದಿದ್ದೆವು. ಮೊನ್ನೆ ಫೋನು ಬಂತು. ಸಹೋದ್ಯೋಗಿಯ ಟವರುಗಳು ಹಿಂದಿರುಗಿದುವಂತೆ. ಬರುವ ಭಾನುವಾರ ತಾಯಿಯನ್ನು ಕರೆದುಕೊಂಡು ಜಗದಂಬಾ ಜಂಕ್ಷನ್ನಿನ ಕಡೆಯ ಅಂಗಡಿಗೆ ಹೊರಟಿದ್ದಾರೆ. ಯಾವ ಚಿತ್ರ, ಯಾವ ದೃಶ್ಯ ಹಾಕಿಸಬೇಕೆಂದು ಆಕೆ ಆಗಲೇ ಮಗನ ಕೈಲಿ ಚೀಟಿ ಬರೆಸಿಟ್ಟಿದ್ದಾರಂತೆ. ಅಂಗಡಿಗೆ ಮೆಟ್ಟಿಲೆಷ್ಟು ಎಂದು ವಿಚಾರಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ.