ಬೇಸ್‌ಮೆಂಟಿನ ಕಿಟಕಿ ಮತ್ತು ಬಾಡಿಗೆದಾರರ ಮೌನ

ಟೊರಾಂಟೊ ಸುತ್ತಲಿನ ಬ್ರ್ಯಾಂಪ್ಟನ್, ಮಿಸಿಸಾಗಾಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರು ಕೆನಡಾದ ಬದುಕನ್ನು ಆರಂಭಿಸಿದ್ದು ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ. ಕೆಲವು ವರ್ಷಗಳ ತರುವಾಯ ಸ್ವಂತ ಮನೆ ಕೊಂಡು, ಸಾಲದ ಕಂತು ತೂಗಿಸಲು ತಮ್ಮ ಬೇಸ್‌ಮೆಂಟನ್ನು ಬಾಡಿಗೆಗೆ ಕೊಡುವವರೂ ಅವರಲ್ಲಿದ್ದಾರೆ. ಆದ್ದರಿಂದ ಮನೆಯೊಳಗಿನ ಎರಡನೇ ಬಿಡಾರದ ಕಾನೂನು ಈ ಸಮುದಾಯಕ್ಕೆ ದೂರದ ಸಂಗತಿಯಲ್ಲ.

ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ನಿಯಮಗಳನ್ನು ಒಂದೇ ಎಂಬಂತೆ ಬೆರೆಸಲಾಗುತ್ತಿದೆ. ವಲಯ ನಿಯಮವು ಒಂದು ಬೀದಿಯಲ್ಲಿ ಯಾರು ನೆರೆಯವರಾಗಬಹುದು ಎಂಬುದನ್ನು ನಿರ್ಧರಿಸುತ್ತದೆ. ಕಟ್ಟಡ ಸಂಹಿತೆಯು ಬೆಂಕಿ ಬಿದ್ದಾಗ ಆ ನೆರೆಯವರು ಬದುಕುಳಿಯುವರೇ ಎಂಬುದನ್ನು. ಮೊದಲನೆಯದು ರಾಜಕೀಯದ ಗಾಳಿಗೆ ತಿರುಗುತ್ತಲೇ ಬಂದಿದೆ. 1994ರಲ್ಲಿ ಒಂಟಾರಿಯೊದ ಎನ್‌ಡಿಪಿ ಸರ್ಕಾರ ಇಂತಹ ಬಿಡಾರಗಳಿಗೆ ಹಕ್ಕಿನ ಮಾನ್ಯತೆ ನೀಡಿತು. 1996ರಲ್ಲಿ ಕನ್ಸರ್ವೇಟಿವ್ ಸರ್ಕಾರ ಅದನ್ನು ಹಿಂತೆಗೆದುಕೊಂಡು ನಿರ್ಧಾರವನ್ನು ನಗರಾಡಳಿತಗಳಿಗೆ ಬಿಟ್ಟಿತು. 2022ರಲ್ಲಿ ಅದೇ ಪಕ್ಷದ ಸರ್ಕಾರ, ನೀರು ಮತ್ತು ಒಳಚರಂಡಿ ಸೌಕರ್ಯವಿರುವ ನಗರದ ವಸತಿ ನಿವೇಶನಗಳಲ್ಲಿ ಮೂರು ಮನೆಗಳವರೆಗೆ ಅವಕಾಶ ಕಲ್ಪಿಸಿತು. ಬಡವರನ್ನು ಬೀದಿಯಿಂದ ದೂರವಿಡುವ ಗೋಡೆ ಇಷ್ಟಾದರೂ ಕುಸಿದದ್ದು ಸ್ವಾಗತಾರ್ಹ.

ಆದರೆ ಆ ಉತ್ಸಾಹದಲ್ಲಿ ಸಂಹಿತೆಯನ್ನೂ ‘ಕಿರಿಕಿರಿ’ ಎಂದು ತಳ್ಳಿಹಾಕಲಾಗದು. ನೇರವಾಗಿ ಹೊರಗೆ ತೆರೆಯುವ ಬಾಗಿಲಿಲ್ಲದ ಮಲಗುವ ಕೋಣೆಯ ಕಿಟಕಿಗೆ ಅದು ಸಾಮಾನ್ಯವಾಗಿ ಕೇಳುವುದು 0.35 ಚದರ ಮೀಟರ್ ತೆರವು, ಯಾವ ಬದಿಯೂ 380 ಮಿಲಿಮೀಟರಿಗೆ ಕಡಿಮೆಯಾಗದಂತೆ. ಮಧ್ಯರಾತ್ರಿ ಹೊಗೆಯ ನಡುವೆ ಮನುಷ್ಯನೊಬ್ಬ ತೂರಿ ಹೊರಬರಲು ಬೇಕಾದ ಅಳತೆ ಅದು. ಇದರಲ್ಲಿ ರಿಯಾಯಿತಿ ಕೇಳುವವರು ಬಾಡಿಗೆದಾರರ ಪ್ರಾಣದಲ್ಲಿ ರಿಯಾಯಿತಿ ಕೇಳುತ್ತಿದ್ದಾರೆ.

ನಿಜವಾದ ತೊಡಕಿರುವುದು ನಿಯಮದ ಜಾರಿಯಲ್ಲಿ. ಅನುಮತಿಯಿಲ್ಲದ ಬಿಡಾರದಲ್ಲಿರುವವರಿಗೂ ಒಂಟಾರಿಯೊದ ಬಾಡಿಗೆ ಕಾನೂನಿನ ರಕ್ಷಣೆಯಿದೆ. ಆದರೂ ವಿದ್ಯಾರ್ಥಿಯೊಬ್ಬಳು ಕಿರಿದಾದ ಕಿಟಕಿಯ ಬಗ್ಗೆ ದೂರಿತ್ತರೆ ಏನಾದೀತು? ತನಿಖೆ ನಡೆದು ಬಿಡಾರವನ್ನೇ ಮುಚ್ಚಿಸಿದರೆ ಮಾಲೀಕ ಕಳೆದುಕೊಳ್ಳುವುದು ಬಾಡಿಗೆಯನ್ನು, ಅವಳು ಕಳೆದುಕೊಳ್ಳುವುದು ಸೂರನ್ನು. ಹೀಗಿರುವಾಗ ಬಾಡಿಗೆದಾರರು ಮೌನವಾಗಿರುವುದು ಅಜ್ಞಾನದಿಂದಲ್ಲ, ಲೆಕ್ಕಾಚಾರದಿಂದ.

2024ರಲ್ಲಿ ಬ್ರ್ಯಾಂಪ್ಟನ್ ನಗರ ಆಯ್ದ ವಾರ್ಡುಗಳಲ್ಲಿ ಬಾಡಿಗೆ ಮನೆಗಳಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ಮಾಲೀಕರು ಬೀದಿಗಿಳಿದು ಪ್ರತಿಭಟಿಸಿದರು. ಶುಲ್ಕದ ಮೊತ್ತ ಚರ್ಚೆಗೆ ಅರ್ಹ. ತಪಾಸಣೆಯ ಅಗತ್ಯ ಚರ್ಚೆಗೆ ಮೀರಿದ್ದು. ಅದೇ ವೇಳೆ ನಗರಾಡಳಿತವೂ ಬೀಗ ಜಡಿಯುವುದನ್ನು ಕೊನೆಯ ಅಸ್ತ್ರವಾಗಿಸಬೇಕು: ದುರಸ್ತಿಗೆ ಕಾಲಮಿತಿ, ಸಣ್ಣ ಮಾಲೀಕರಿಗೆ ಸುಲಭ ಸಾಲ, ದುರಸ್ತಿ ಮುಗಿಯುವವರೆಗೆ ಬಾಡಿಗೆದಾರರಿಗೆ ಬದಲಿ ವಸತಿ, ಬಳಿಕ ಹಳೆಯ ಬಾಡಿಗೆಗೇ ಮರಳುವ ಹಕ್ಕು. ದೂರು ಕೊಟ್ಟವರ ಸೂರು ಉಳಿಯುವ ವ್ಯವಸ್ಥೆ ಬಂದರೆ ಮಾತ್ರ ಸಂಹಿತೆಗೆ ಜೀವ ಬರುತ್ತದೆ.

ಒಂದು ಕಾಲಕ್ಕೆ ಆ ಕಿರುಗಿಟಕಿಯ ಕೆಳಗೆ ಮಲಗಿದ್ದವರು ಇಂದು ಮೇಲಂತಸ್ತಿನಲ್ಲಿದ್ದಾರೆ. ಕೆಳಗಿರುವವರ ಪರವಾಗಿ ಮಾತನಾಡುವ ಮೊದಲ ಹೊಣೆ ಅವರದೇ.