ಕೈ ಬೀಸಿದರೆ ನಂಬಿಕೆ ಕೆಡುವುದೇ?

ಜಗಳೂರಿನ ಒಂದು ಕ್ರೈಸ್ತ ಮನೆಯನ್ನು ಊಹಿಸಿಕೊಳ್ಳಬಹುದು. ಅರವತ್ತೆಂಟರ ಅಜ್ಜಿಗೆ ಮೊಣಕಾಲುನೋವು. ದಾವಣಗೆರೆಯ ವೈದ್ಯರು ಗುಳಿಗೆಯೊಡನೆ ನಿಧಾನವಾದ ವ್ಯಾಯಾಮವನ್ನೂ ಹೇಳಿ ಕಳುಹಿದ್ದಾರೆ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗಳು ಬೆಳಗಿನ ತಂಪಿನಲ್ಲಿ ಅಜ್ಜಿಯನ್ನು ಅಂಗಳಕ್ಕೆ ಕರೆದೊಯ್ದು, ತಾನು ಕಲಿತ ಚೀನಾ ದೇಶದ ‘ತೈ ಚಿ’ಯನ್ನು ತೋರಿಸತೊಡಗುತ್ತಾಳೆ. ನೀರಿನಲ್ಲಿ ಕೈಯಾಡಿಸಿದಂತೆ ಮೆಲ್ಲನೆ ತೋಳನ್ನೆತ್ತುವುದು, ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುವುದು, ಉಸಿರನ್ನು ಅದಕ್ಕೆ ಹೊಂದಿಸುವುದು. ಅಷ್ಟರಲ್ಲಿ ಮಗನು ಬಾಗಿಲಿಗೆ ಬಂದು, “ಅಮ್ಮಾ, ಅದು ಬೇಡ. ಅದರ ಹಿಂದೆ ಬೇರೆ ಯಾವುದೋ ಶಕ್ತಿಯ ಪೂಜೆ ಇದೆಯೆಂದು ಪ್ರಾರ್ಥನಾಕೂಟದಲ್ಲಿ ಹೇಳಿದ್ದಾರೆ” ಎನ್ನುತ್ತಾನೆ. “ಶಕ್ತಿ ಯಾರದೋ ಏನೋ, ಮೊಣಕಾಲು ಮಾತ್ರ ನನ್ನದಪ್ಪಾ” ಎಂದು ಅಜ್ಜಿ ನಗುತ್ತಾಳೆ. ನಕ್ಕರೂ ಎತ್ತಿದ ಕೈಯನ್ನು ಇಳಿಸಿಬಿಡುತ್ತಾಳೆ.

ಮನೆ ಊಹೆಯದಾದರೂ ಪ್ರಶ್ನೆ ಊಹೆಯದಲ್ಲ. ಅನ್ಯಮತದ ನೆಲದಲ್ಲಿ ಬೆಳೆದ ಒಂದು ಅಂಗಸಾಧನೆಯನ್ನು ಕ್ರಿಸ್ತನಲ್ಲಿ ನಂಬಿಕೆಯಿಟ್ಟವರು ಕೈಗೊಳ್ಳಬಹುದೇ? ಹಗುರವಾಗಿ ಹೌದೆನ್ನುವವರೂ, ಹೆದರಿ ಅಲ್ಲವೆನ್ನುವವರೂ ಮೊದಲು ಆ ವಿದ್ಯೆ ಎಂತಹುದೆಂದು ತಿಳಿಯುವುದು ಲೇಸು.

ತೈ ಚಿ ಮೂಲತಃ ಕಾಳಗದ ವಿದ್ಯೆ. ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿ 17ನೆಯ ಶತಮಾನದ ನಡುಗಾಲದಲ್ಲಿ ಅದು ರೂಪುಗೊಂಡಿತೆಂಬುದು ರೂಢಿಯ ಮಾತು. ತೋಳಿನ ಬಲಕ್ಕಿಂತ ಮನಸ್ಸು, ಉಸಿರು, ಮೈಯ ಹದ ಇವುಗಳನ್ನು ಮುಖ್ಯವೆಂದೆಣಿಸುವುದರಿಂದ ಇದಕ್ಕೆ ‘ಒಳಗಿನ’ ಮಲ್ಲವಿದ್ಯೆ ಎಂಬ ಹೆಸರು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾಶಾಖೆಯು ಸಾಮಾನ್ಯ ಜನರಿಗಾಗಿ 24 ಭಂಗಿಗಳ ಸುಲಭ ಪಾಠವೊಂದನ್ನು ಸಿದ್ಧಪಡಿಸಿತು. ಉದ್ಯಾನಗಳಲ್ಲಿ ಮುದುಕರು ಮಾಡುವುದು ಬಹುಮಟ್ಟಿಗೆ ಇದನ್ನೇ. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ವೈದ್ಯರ ಒಲವೂ ನಿರಾಧಾರವಲ್ಲ. ಮೊಣಕಾಲಿನ ಸಂಧಿವಾತಕ್ಕೆ ಅಮೆರಿಕದ ಸಂಧಿರೋಗತಜ್ಞರ ಸಂಘವು ತನ್ನ 2019ರ ಮಾರ್ಗಸೂಚಿಯಲ್ಲಿ ತೈ ಚಿಯನ್ನು ಬಲವಾಗಿಯೇ ಶಿಫಾರಸು ಮಾಡಿದೆ.

ಇಷ್ಟೇ ಆಗಿದ್ದರೆ ಜಗಳವೇ ಇರುತ್ತಿರಲಿಲ್ಲ. ಆದರೆ ಹೆಸರಿನಲ್ಲಿಯೇ ಒಂದು ದರ್ಶನ ಅಡಗಿದೆ. ‘ತೈ ಚಿ’ ಎಂದರೆ ಪರಮ ಮೂಲತತ್ತ್ವ. ಯಿನ್ ಮತ್ತು ಯಾಂಗ್ ಎಂಬ ಎರಡು ವಿರುದ್ಧಗುಣಗಳು ಅದರಿಂದ ಹೊಮ್ಮಿದವೆಂಬುದು ಚೀನೀಯರ ಪ್ರಾಚೀನ ವಿಚಾರ. ಇದಲ್ಲದೆ ಇನ್ನೊಂದು ‘ಚಿ’ ಇದೆ; ಕನ್ನಡದಲ್ಲಿ ಒಂದೇ ಆಗಿ ಬರೆದರೂ ಚೀನೀ ಬರಹದಲ್ಲಿ ಅದು ಬೇರೆ ಅಕ್ಷರ. ಅದರ ಅರ್ಥ ಉಸಿರು, ಜೀವಶಕ್ತಿ. ಕನ್ನಡಿಗರಿಗೆ ಪರಿಚಿತವಾದ ‘ಪ್ರಾಣ’ ಎಂಬ ಮಾತಿಗೆ ಸಮೀಪವಾದುದು. ಈ ಶಕ್ತಿಯು ಜಗತ್ತನ್ನೆಲ್ಲ ತುಂಬಿದೆ, ಸಾಧಕನು ಅದನ್ನು ತನ್ನೊಳಗೆ ಹರಿಸಬೇಕು ಎಂದು ಗುರುವೊಬ್ಬನು ಹೇಳಿಕೊಟ್ಟರೆ ಅದು ಬರಿಯ ವ್ಯಾಯಾಮದ ಪಾಠವಾಗಿ ಉಳಿಯುವುದಿಲ್ಲ.

ಮಗನ ಅಂಜಿಕೆಗೆ ಇಲ್ಲಿ ಆಧಾರವುಂಟು. 1989ರ ಅಕ್ಟೋಬರ್ 15ರಂದು ರೋಮಿನ ಧರ್ಮಪೀಠವು ಕ್ರೈಸ್ತ ಧ್ಯಾನವನ್ನು ಕುರಿತು ಧರ್ಮಾಧ್ಯಕ್ಷರಿಗೆ ಪತ್ರವೊಂದನ್ನು ಬರೆಯಿತು. ಅದಕ್ಕೆ ಸಹಿ ಹಾಕಿದವರು ಮುಂದೆ 16ನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪರಾದ ಕಾರ್ಡಿನಲ್ ರಾಟ್ಸಿಂಗರ್. ಮೈಯಲ್ಲುಂಟಾಗುವ ಹಿತವಾದ ಅನುಭವವನ್ನು ಪವಿತ್ರಾತ್ಮನ ಸಾಂತ್ವನವೆಂದು ತಪ್ಪಾಗಿ ತಿಳಿಯಬಾರದೆಂದು ಅದು ಎಚ್ಚರಿಸಿತು. ಆದರೆ ಪೂರ್ವದೇಶದ ಪದ್ಧತಿಗಳನ್ನು ಸಾರಾಸಗಟಾಗಿ ತಳ್ಳಿಹಾಕಲಿಲ್ಲ; ಕ್ರೈಸ್ತ ಪ್ರಾರ್ಥನೆಯ ಸ್ವರೂಪ ಮಸುಳಿಸದಂತೆ ಅವುಗಳಲ್ಲಿ ಉಪಯುಕ್ತವಾದುದನ್ನು ಸ್ವೀಕರಿಸಬಹುದೆಂದಿತು. 2009ರಲ್ಲಿ ಅಮೆರಿಕದ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಜಪಾನಿನ ‘ರೇಖಿ’ ಚಿಕಿತ್ಸೆಯನ್ನು ಪರಿಶೀಲಿಸಿ, ಕಾಣದ ವಿಶ್ವಶಕ್ತಿಯೊಂದನ್ನು ನೆಚ್ಚುವ ಆ ಪದ್ಧತಿ ಕ್ರೈಸ್ತರಿಗೆ ಒಪ್ಪತಕ್ಕದ್ದಲ್ಲವೆಂದು ತೀರ್ಮಾನಿಸಿದರು. ‘ರೇಖಿ’ಯ ಕೊನೆಯ ಅಕ್ಷರ ಚೀನೀಯರ ‘ಚಿ’ಯೇ. ಪ್ರೊಟೆಸ್ಟಂಟರಲ್ಲಿ ಇನ್ನೂ ಕಟ್ಟುನಿಟ್ಟಾಗಿ ಬೇಡವೆನ್ನುವವರಿದ್ದಾರೆ. ಬರಿಯ ಅಂಗಸಾಧನೆಯೆಂದು ಒಪ್ಪುವವರೂ ಇದ್ದಾರೆ.

ಈ ಚರ್ಚೆ ಬಯಲುಸೀಮೆಗೆ ತೀರ ದೂರದ್ದೆಂದು ತೋರಬಹುದು. ವಾಸ್ತವವಾಗಿ ಯೋಗದ ರೂಪದಲ್ಲಿ ಅದು ಇಲ್ಲಿಂದಲೇ ಹೊರಟಿತು. 20ನೆಯ ಶತಮಾನದಲ್ಲಿ ಆಸನವಿದ್ಯೆಯನ್ನು ಜಗತ್ತಿಗೆ ಹರಡಿದ ಪರಂಪರೆಯ ಗುರು ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಜಗಳೂರೂ ಅದೇ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆಚಾರ್ಯರು ಮೈಸೂರಿನಲ್ಲಿ ಯೋಗಶಾಲೆಯನ್ನು ನಡೆಸಿದರು. ಕೋಲಾರ ಸೀಮೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರು ಅವರ ಶಿಷ್ಯರು. ಅಯ್ಯಂಗಾರರಿಂದ ಯೋಗವನ್ನು ಕಲಿತವರಲ್ಲಿ ಮುಂಬಯಿಯ ಕ್ಯಾಥೊಲಿಕ್ ಪಾದ್ರಿ ಜೋ ಪಿರೇರಾ ಒಬ್ಬರು. ಕುಡಿತದ ಚಟಕ್ಕೆ ಸಿಕ್ಕಿದವರನ್ನು ಬಿಡಿಸಲು ಅವರು ಆ ವಿದ್ಯೆಯನ್ನೇ ಬಳಸಿದರು. ಇದೇ ವಿದ್ಯೆಯನ್ನು ಕುರಿತು 2018ರಲ್ಲಿ ಕೇರಳದ ಸೈರೋ ಮಲಬಾರ್ ಸಭೆಯ ಧರ್ಮತತ್ತ್ವ ಸಮಿತಿಯು, ಯೋಗವೂ ಕ್ರೈಸ್ತಧರ್ಮವೂ ಹೊಂದಿಕೊಳ್ಳಲಾರವೆಂದು ವರದಿ ಕೊಟ್ಟಿತು. ಒಬ್ಬನೇ ಕ್ರಿಸ್ತ, ಒಂದೇ ಆಸನ. ಅಭಿಪ್ರಾಯಗಳು ಮಾತ್ರ ಎರಡು.

ಹೀಗಾಗುವುದು ಹೊಸದಲ್ಲ. ಚೀನಾದಲ್ಲಿಯೇ ಇದರ ದೊಡ್ಡ ಪಾಠವೊಂದುಂಟು. ಕ್ರೈಸ್ತರಾದ ಚೀನೀಯರು ತಮ್ಮ ಪಿತೃಗಳ ಫಲಕದ ಮುಂದೆ ತಲೆಬಾಗಿ ಧೂಪ ಹಾಕಬಹುದೇ ಎಂಬ ವಾದವೆದ್ದಿತು. ಅದು ಹಿರಿಯರಿಗೆ ಸಲ್ಲಿಸುವ ಗೌರವವೆಂದರು ಜೆಸ್ವಿಟ್ ಪಾದ್ರಿಗಳು, ವಿಗ್ರಹಾರಾಧನೆಯೆಂದರು ಇತರರು. 1742ರಲ್ಲಿ 14ನೆಯ ಬೆನೆಡಿಕ್ಟ್ ಪೋಪರು ಅದನ್ನು ಕಡಾಖಂಡಿತವಾಗಿ ನಿಷೇಧಿಸಿದರು. ಸುಮಾರು ಇನ್ನೂರು ವರ್ಷಗಳ ತರುವಾಯ, 1939ರಲ್ಲಿ, ಅದೇ ರೋಮ್ ಆ ಆಚಾರಗಳಲ್ಲಿ ಅನೇಕವು ಲೌಕಿಕ ಮರ್ಯಾದೆಗಳೆಂದು ಒಪ್ಪಿ ಅನುಮತಿ ಕೊಟ್ಟಿತು. ಬಾಗಿದ ತಲೆ ಅದೇ, ಧೂಪದ ಹೊಗೆಯೂ ಅದೇ. ಜನರ ಮನಸ್ಸಿನಲ್ಲಿ ಅದಕ್ಕಿದ್ದ ಅರ್ಥ ಬದಲಾಗಿತ್ತು.

ಅಂದ ಮೇಲೆ ವಿಚಾರಿಸಬೇಕಾದುದು ತೋಳಿನ ಚಲನೆಯನ್ನಲ್ಲ, ಮಾಡುವವರ ನೆಚ್ಚಿಕೆಯನ್ನು. ಸಂತ ಪೌಲನು ಕೊರಿಂಥದ ಸಭೆಗೆ ಕೊಟ್ಟ ಬುದ್ಧಿವಾದವೂ ಇದೇ ಬಗೆಯದು. ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂದು ಅಲ್ಲಿಯವರು ಕೇಳಿದ್ದರು. ವಿಗ್ರಹದಲ್ಲಿ ಏನೂ ಇಲ್ಲವೆಂದು ಬಲ್ಲವನಿಗೆ ಆ ಮಾಂಸ ಬರಿಯ ಮಾಂಸವೇ; ಆದರೆ ಅದನ್ನು ಕಂಡು ಮನಸ್ಸಾಕ್ಷಿ ಬಲವಿಲ್ಲದ ಸಹೋದರನು ಎಡವಿ ಬೀಳುವಂತಿದ್ದರೆ ತಾನು ಅದನ್ನು ಮುಟ್ಟುವುದಿಲ್ಲವೆಂದು ಪೌಲನು ಹೇಳಿದನು. ರೋಮಿನವರಿಗೆ ಬರೆಯುತ್ತ, ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು ಎಂದೂ ತಿಳಿಸಿದನು. ಜ್ಞಾನವೊಂದೇ ಸಾಲದು, ಜೊತೆಯವರ ಮೇಲಿನ ಪ್ರೀತಿಯೂ ಬೇಕು ಎಂಬುದು ಇದರ ತಾತ್ಪರ್ಯ.

ಜಗಳೂರಿನ ಆ ಅಂಗಳದಲ್ಲಿ ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಕಲಿಸುವವರು ಏನನ್ನು ಕಲಿಸುತ್ತಾರೆಂದು ಮೊದಲೇ ಕೇಳಿ ತಿಳಿಯಬೇಕು. ಕಾಲಿಡುವ ಬಗೆ, ಬೆನ್ನಿನ ನೇರ, ಉಸಿರಿನ ಲಯ ಇವಿಷ್ಟೇ ಪಾಠವಾದರೆ ಅದು ವ್ಯಾಯಾಮ. ವಿಶ್ವಶಕ್ತಿಗೆ ಮನಸ್ಸನ್ನು ಒಪ್ಪಿಸಿಕೊಡಬೇಕೆಂದರೆ, ಒಲ್ಲೆನೆಂದು ವಿನಯದಿಂದ ಹೇಳಿ ಬರುವ ಸ್ವಾತಂತ್ರ್ಯ ಕಲಿಯುವವರಿಗೆ ಇದ್ದೇ ಇದೆ. ಇದನ್ನು ಮರೆಮಾಚದೆ ತಿಳಿಸುವುದು ಗುರುವಿನ ಋಣ. ಬೇರೊಂದು ಜನಾಂಗದ ದರ್ಶನವನ್ನು ಕಸರತ್ತೆಂದು ಹೆಸರಿಟ್ಟು ಮಾರುವುದು ಆ ದರ್ಶನಕ್ಕೂ ಮಾಡುವ ಅವಮಾನ.

ಇನ್ನು ಮಗ. ತಾಯಿಯ ನಂಬಿಕೆಯನ್ನು ಕಾಯಬೇಕೆಂಬ ಅವನ ಹಂಬಲ ಸಣ್ಣದಲ್ಲ. ಆದರೆ ಐವತ್ತು ವರ್ಷ ಸಂಜೆಯ ಪ್ರಾರ್ಥನೆಯನ್ನು ತಪ್ಪಿಸದ ಮುದುಕಿಯ ಭಕ್ತಿ ತೋಳನ್ನೆತ್ತಿದ ಮಾತ್ರಕ್ಕೆ ಹಾರಿಹೋಗುವಷ್ಟು ಹಗುರವೇ ಎಂದು ಅವನು ಕೇಳಿಕೊಳ್ಳಬೇಕು. ಒಂದು ದಿನ ಅವನೂ ಅಂಗಳಕ್ಕಿಳಿದು ಪಕ್ಕದಲ್ಲಿ ನಿಂತು ನೋಡಲಿ. ಆಗಲೂ ಅವನ ಮನಸ್ಸು ಒಪ್ಪದಿದ್ದರೆ, ಮನೆಯ ಸಮಾಧಾನಕ್ಕಾಗಿ ಅಜ್ಜಿಯು ವೈದ್ಯರಿಂದ ಬೇರೊಂದು ವ್ಯಾಯಾಮವನ್ನು ಕೇಳಿ ಕಲಿತರೆ ಅದು ಸೋಲಲ್ಲ; ಪೌಲನು ಹೇಳಿದ ಪ್ರೀತಿ. ಯಾವ ವ್ಯಾಯಾಮವಾದರೂ ಆಗಲಿ, ಅದನ್ನು ಮಾಡುವುದಂತೂ ಆಗಬೇಕು. ಏಕೆಂದರೆ ಅಜ್ಜಿಗೆ ಆ ಮೊಣಕಾಲು ಬೇಕಾಗಿರುವುದು, ಎಲ್ಲಕ್ಕಿಂತ ಹೆಚ್ಚಾಗಿ, ಭಾನುವಾರ ದೇವಾಲಯದಲ್ಲಿ ಊರುವುದಕ್ಕೆ.