ವೇಗದ ಬಾಣವಲ್ಲ, ಹರಿತದ ಬಾಣ ಬೇಕು

ಜಿಂಕೆ ಬೇಟೆ ಎಂದರೆ ಊರಿನ ಗೆಳೆಯರು ಹುಬ್ಬೇರಿಸುತ್ತಾರೆ. ಸಹಜವೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಅಪರಾಧವಾಗಿಯೇ ಇರಬೇಕು ಎನ್ನುವವನು ನಾನು. ಆದರೆ ನಾನು ಎಂ.ಎಸ್. ಓದುತ್ತಿರುವ ಅಮೆರಿಕದ ಪೆನ್ಸಿಲ್ವೇನಿಯಾದ ಕಥೆ ಬೇರೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ಬಿಳಿಬಾಲದ ಜಿಂಕೆಗಳು ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. 1895ರಲ್ಲಿ ಗೇಮ್ ಕಮಿಷನ್ ಶುರುವಾಯಿತು. ಮುಂದೆ ಬೇರೆ ರಾಜ್ಯಗಳಿಂದ ಜಿಂಕೆ ತಂದು ಬಿಟ್ಟರು. ಅಷ್ಟರಲ್ಲಿ ಅವುಗಳನ್ನು ತಿನ್ನುವ ತೋಳ, ಕೂಗರ್‌ಗಳು ಕಾಡಿನಿಂದ ಕಣ್ಮರೆಯಾಗಿದ್ದವು. ಈಗ ಜಿಂಕೆಗಳು ಎಷ್ಟಿವೆಯೆಂದರೆ ಕಾಡಿನ ಎಳೆಸಸಿಗಳು ಮೇಲೇಳುವುದೇ ಕಷ್ಟ, ರಸ್ತೆಯಲ್ಲಿ ಕಾರಿಗೆ ಜಿಂಕೆ ಅಡ್ಡ ಬರುವುದು ದಿನನಿತ್ಯದ ಸುದ್ದಿ. ಹಾಗಾಗಿ ಪ್ರತಿವರ್ಷ ಪರವಾನಗಿ ಕೊಟ್ಟು ಬೇಟೆಗೆ ಬಿಡುತ್ತಾರೆ. ಬಿಲ್ಲು ಹಿಡಿದವರಿಗೆ ಬೇರೆಯೇ ಸೀಸನ್ ಇದೆ.

ಎರಡು ವರ್ಷದಿಂದ ಗುರಿ ಹಲಗೆಗೆ ಬಾಣ ಬಿಡುತ್ತಿದ್ದೇನೆ. ಹೊಸ ಬೇಟೆಗಾರರಿಗೆ ಕಡ್ಡಾಯವಾದ ತರಬೇತಿಯೂ ಮುಗಿದಿದೆ. ಈ ಅಕ್ಟೋಬರ್‌ನಲ್ಲಿ ಮೊದಲ ಸಲ ಕಾಡಿಗೆ ಹೋಗುತ್ತೇನೆ. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಅದಕ್ಕೆ ನೋವಾಗಲ್ವೇನೋ?’ ಆಗುತ್ತದೆ. ಎಷ್ಟು ಹೊತ್ತು ಆಗಬೇಕು ಎನ್ನುವುದು ಮಾತ್ರ ಬೇಟೆಗಾರನ ಕೈಯಲ್ಲಿದೆ. ಅದರಲ್ಲಿ ಬಹುಪಾಲು ತೀರ್ಮಾನವಾಗುವುದು ಕಾಡಿನಲ್ಲಲ್ಲ, ಬಾಣ ಆರಿಸುವ ಅಂಗಡಿಯಲ್ಲಿ ಎನ್ನುವುದು ನನ್ನ ಅಭಿಪ್ರಾಯ.

ಮೊಬೈಲ್ ಕೊಳ್ಳುವಾಗ ದೊಡ್ಡ ಸಂಖ್ಯೆ ಹುಡುಕುವ ತಲೆಮಾರು ನಮ್ಮದು. ಬಿಲ್ಲಿನ ಅಂಗಡಿಯಲ್ಲೂ ಅಂಥದ್ದೊಂದು ಸಂಖ್ಯೆ ಇದೆ, ಅದು ವೇಗ. ಹಗುರವಾದ ಬಾಣ ಹಾಕಿದರೆ ವೇಗ ಏರುತ್ತದೆ, ನೋಡಲು ಖುಷಿಯಾಗುತ್ತದೆ. ಆದರೆ ಸ್ವಲ್ಪ ಲೆಕ್ಕ ಹಾಕೋಣ. ನನ್ನದು 50 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲು. ಅದರಿಂದ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ ಬಾಣ ಸೆಕೆಂಡಿಗೆ 82 ಮೀಟರ್ ಹೋಗುತ್ತದೆ ಎನ್ನಿ. 450 ಗ್ರೇನ್, ಅಂದರೆ 29 ಗ್ರಾಂ ಬಾಣ 70 ಮೀಟರ್ ಹೋಗುತ್ತದೆ. 20 ಮೀಟರ್ ದೂರದ ಜಿಂಕೆಯನ್ನು ಮೊದಲನೆಯದು 0.24 ಸೆಕೆಂಡಿನಲ್ಲಿ, ಎರಡನೆಯದು 0.29 ಸೆಕೆಂಡಿನಲ್ಲಿ ಮುಟ್ಟುತ್ತದೆ. ಹೆದೆಯ ಸದ್ದು ಮಾತ್ರ 0.06 ಸೆಕೆಂಡಿನಲ್ಲೇ ಅದರ ಕಿವಿಗೆ ಬಿದ್ದಿರುತ್ತದೆ. ಬೆದರಿದ ಜಿಂಕೆ ನೆಗೆಯುವ ಮುಂಚೆ ಮೈ ಕುಗ್ಗಿಸುತ್ತದೆ, ಗುರಿ ತಪ್ಪುವುದು ಆಗಲೇ. ಎಷ್ಟೇ ವೇಗದ ಬಾಣವಾದರೂ ಸದ್ದನ್ನು ಹಿಂದೆ ಹಾಕಲಾರದು. ತೂಕದ ಬಾಣದ ಸಂವೇಗ ಮಾತ್ರ ಕಾಲು ಭಾಗಕ್ಕಿಂತ ಹೆಚ್ಚಿರುತ್ತದೆ. ಪಕ್ಕೆಲುಬು ಅಡ್ಡ ಬಂದಾಗ ಬಾಣವನ್ನು ಮುಂದೆ ತಳ್ಳುವುದು ಅದೇ. ಪ್ರತಿ ಪೌಂಡ್ ಎಳೆತಕ್ಕೆ ಕನಿಷ್ಠ 5 ಗ್ರೇನ್ ತೂಕ ಇರಲಿ ಎಂಬ ನಿಯಮವನ್ನು ಹಲವರು ಉಲ್ಲೇಖಿಸುತ್ತಾರೆ. ಆ ನಿಯಮ ಇರುವುದು ಬಿಲ್ಲು ಮುರಿಯದಿರಲಿ ಎಂದು. ಜಿಂಕೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಇನ್ನು ಮೊನೆ. ಬಾಣ ಗುಂಡಿನ ಹಾಗೆ ಆಘಾತದಿಂದ ಕೊಲ್ಲುವುದಿಲ್ಲ, ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಬ್ರಾಡ್‌ಹೆಡ್ ಎಂಬ ಅಲಗಿನ ಮೊನೆ ಇರುವುದು ಇದಕ್ಕೇ. ಹರಿತವಾದ ಅಲಗು ಎರಡೂ ಶ್ವಾಸಕೋಶ ದಾಟಿದರೆ ಜಿಂಕೆ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಮೊಂಡು ಅಲಗು ರಕ್ತನಾಳವನ್ನು ಕೊಯ್ಯುವ ಬದಲು ಪಕ್ಕಕ್ಕೆ ಸರಿಸಿಬಿಡಬಹುದು. ಆಗ ಗಾಯಗೊಂಡ ಪ್ರಾಣಿ ಪೊದೆ ಸೇರಿ, ಯಾರ ಕಣ್ಣಿಗೂ ಬೀಳದೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ.

ಬ್ರಾಡ್‌ಹೆಡ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಮಡಚಿಕೊಂಡು ಹಾರಿ, ತಗುಲಿದಾಗ ಅಲಗು ಬಿಚ್ಚುವುದು ಒಂದು. ಅದು ನೇರ ಹಾರುತ್ತದೆ, ಗಾಯವೂ ಅಗಲ. ಬಲವಾದ ಬಿಲ್ಲಿರುವವರು ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿಚ್ಚಿಕೊಳ್ಳಲು ಅದು ಬಾಣದ ಶಕ್ತಿಯನ್ನೇ ತಿನ್ನುತ್ತದೆ. ನನ್ನಂಥ 50 ಪೌಂಡ್‌ನವನಿಗೆ ಅಷ್ಟು ಶಕ್ತಿ ಬಿಟ್ಟುಕೊಡುವುದು ದುಬಾರಿ. ಅದಕ್ಕೇ ನಾನು ಎರಡನೆಯ ಬಗೆ, ಸ್ಥಿರ ಅಲಗಿನದನ್ನು ಆರಿಸಿದ್ದೇನೆ. ಬಾಣ ಆಚೆ ಬದಿಯಿಂದ ಹೊರಬಂದರೆ ಎರಡು ಗಾಯವಾಗುತ್ತದೆ, ರಕ್ತದ ಜಾಡು ಸಿಗುತ್ತದೆ, ಪ್ರಾಣಿಯನ್ನು ಬೇಗ ಹುಡುಕಬಹುದು. ಪೆನ್ಸಿಲ್ವೇನಿಯಾದ ಕಾನೂನು ಜಿಂಕೆಗೆ ಕನಿಷ್ಠ 35 ಪೌಂಡ್ ಬಿಲ್ಲು, ಒಂದು ಇಂಚಿನ ಎಂಟನೇ ಏಳು ಭಾಗ, ಅಂದರೆ ಸುಮಾರು 22 ಮಿಲಿಮೀಟರ್ ಅಗಲದ ಮೊನೆ ಕೇಳುತ್ತದೆ. ಕಾನೂನು ಕೇಳುವುದು ಕನಿಷ್ಠವನ್ನಷ್ಟೇ. ಪರೀಕ್ಷೆಯಲ್ಲಿ 35 ಅಂಕ ಬಂದರೂ ಪಾಸೇ, ಆದರೆ ಅಷ್ಟೇ ಸಾಕು ಎಂದು ಯಾರಾದರೂ ಓದುತ್ತಾರೆಯೇ?

ಸ್ಥಿರ ಅಲಗಿಗೆ ಒಂದು ತೊಡಕಿದೆ. ಗಾಳಿಯಲ್ಲಿ ಅದು ರೆಕ್ಕೆಯಂತೆ ವರ್ತಿಸುತ್ತದೆ. ಬಾಣದ ಬಿಗುವು, ಅಂದರೆ ಸ್ಪೈನ್, ಬಿಲ್ಲಿಗೆ ಹೊಂದದಿದ್ದರೆ ದಿಕ್ಕು ತಪ್ಪುತ್ತದೆ. ಅಭ್ಯಾಸದ ದುಂಡು ಮೊನೆ ಹಾಕಿ ಹೊಡೆದಾಗ ಗುರಿ ಮುಟ್ಟಿತು ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಅದೇ ಬ್ರಾಡ್‌ಹೆಡ್ ಹಾಕಿ ಹೊಡೆದು ನೋಡಬೇಕು. ಹಾಗೆ ನೋಡಿದ ಮೇಲೆ, ಕಾಡಿಗೆ ಹೊರಡುವ ಮುಂಚೆ ಅಲಗನ್ನು ಮತ್ತೆ ಮಸೆಯಬೇಕು ಇಲ್ಲವೇ ಬದಲಿಸಬೇಕು. ಬೇಸರದ ಕೆಲಸ ನಿಜ, ಆದರೆ ಆ ಪ್ರಾಣಿಯ ಕೊನೆಯ ಕ್ಷಣಗಳು ನಿಂತಿರುವುದು ಇದರ ಮೇಲೇ.

‘ಗುರಿ ಸರಿಯಿದ್ದರೆ ಯಾವ ಬಾಣವಾದರೂ ಆದೀತು’ ಎನ್ನುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲವೂ ಸರಿಹೋದ ದಿನ ಅವರ ಮಾತು ನಿಜ. ಆದರೆ ಜಿಂಕೆ ಒಂದು ಹೆಜ್ಜೆ ಮುಂದಿಟ್ಟ ದಿನ, ಎಲುಬು ಅಡ್ಡ ಬಂದ ದಿನ ತೂಕದ ಬಾಣವೂ ಹರಿತವಾದ ಅಲಗೂ ನೆರವಾಗುತ್ತವೆ. ನಾವು ಕೊಳ್ಳಬೇಕಾದ್ದು ಆ ಕೆಟ್ಟ ದಿನವನ್ನು ಲೆಕ್ಕಕ್ಕೆ ಇಟ್ಟುಕೊಂಡು.

ಅಕ್ಟೋಬರ್‌ಗೆ ನನ್ನ ನಿಯಮಗಳು ಸರಳ. 20 ಮೀಟರ್‌ಗಿಂತ ಆಚೆ ಬಾಣ ಬಿಡುವುದಿಲ್ಲ. ಜಿಂಕೆ ಪಕ್ಕೆ ತೋರಿಸಿ ನೆಮ್ಮದಿಯಾಗಿ ನಿಂತಿರಬೇಕು. ಹೆಬ್ಬೆರಳಿನ ಉಗುರಿನ ಮೇಲೆ ಜಾರದೆ ಕಚ್ಚುವಷ್ಟು ಅಲಗು ಹರಿತವಿರಬೇಕು. ಇವುಗಳಲ್ಲಿ ಒಂದು ಕೂಡಿಬರದಿದ್ದರೂ ಬಾಣವನ್ನು ಬತ್ತಳಿಕೆಯಲ್ಲೇ ಇಟ್ಟುಕೊಂಡು ವಾಪಸ್ ಬರುತ್ತೇನೆ.